ಅರ್ಧ ಟಿಕೆಟ್ಟಿನ ಗೆರೆ

ಹಾಸನದ ಆಸ್ಪತ್ರೆ ಕಾಲೇಜು, ಎರಡನೇ ಮಹಡಿ.
ಉದ್ದನೆ ಮೇಜು, ಒಂಬತ್ತು ಕುರ್ಚಿ; ಬಾಗಿಲ ಪಕ್ಕದ್ದು ನನ್ನದು.
ವಿಜ್ಞಾನ ಓದದವರು ಒಬ್ಬರಾದರೂ ಇರಬೇಕಂತೆ ಸಮಿತಿಯಲ್ಲಿ.
ಇಪ್ಪತ್ತಾರು ವರ್ಷ ಅರಸೀಕೆರೆ ಬಸ್ಸಿನಲ್ಲಿ ಸೀಟಿ ಊದಿದವಳು,
ತಿಳಿಯದ್ದನ್ನು ಕೇಳುವುದೇ ನನ್ನ ಕಸುಬು:
ಎಲ್ಲಿಗೆ? ಎಷ್ಟು ಜನ? ಈ ಮಗುವಿಗೆಷ್ಟು ವಯಸ್ಸು?

ಇವತ್ತಿನ ಪ್ರಶ್ನೆ ಸಣ್ಣದು ಎಂದರು ಅಧ್ಯಕ್ಷರು:
ಯಾವುದಕ್ಕೆ ನಮ್ಮ ಒಪ್ಪಿಗೆ ಬೇಕು, ಯಾವುದಕ್ಕೆ ಬೇಡ.

ಬೇರೆ ಊರಿಂದ ಥಂಡಿ ಪೆಟ್ಟಿಗೆಯಲ್ಲಿ ಬಂದ ಕೋಶಗಳು,
ಹೆಸರಿಲ್ಲ, ನಂಬರುಂಟು. 'ತಿಳಿಸಿದರೆ ಸಾಕಲ್ಲವೆ?' ಎಂದರು ಯಾರೋ.
ಪಾಸಿನವರಿದ್ದ ಹಾಗೆ; ಆದರೂ ಪಾಸನ್ನು
ಒಮ್ಮೆ ತೆಗೆಸಿ ನೋಡುವುದು ವಾಡಿಕೆ, ಅಂದೆ. ಬರೆದುಕೊಂಡರು.

ಆಮೇಲೆ ಡಾಕ್ಟರ್ ಸುಮೇಧಾ ಫೈಲು ಬಿಚ್ಚಿದರು.
ಹೆರಿಗೆ ವಾರ್ಡಿನ ಹೊಕ್ಕುಳಬಳ್ಳಿ, ಮಾಸು.
'ಹೇಗೂ ಹಳದಿ ಚೀಲಕ್ಕೆ ಬಿದ್ದು ಸುಟ್ಟುಹೋಗುವಂಥದು.
ಅದರೊಳಗಿವೆ ಕಾಂಡಕೋಶ, ಇನ್ನೂ ಏನೂ ಆಗದೆ
ಏನಾದರೂ ಆಗಬಲ್ಲಂಥವು.
ಕಸಕ್ಕೂ ಅನುಮತಿ ಬೇಕೆ? ನನಗೇ ಗೊತ್ತಿಲ್ಲ, ಅದಕ್ಕೇ ಬಂದೆ.'

ಕಸ. ನಮ್ಮ ಕಡೆ ಅದರ ಹೆಸರೇ ಅದು.
'ಮಗು ಬಂತು, ಇನ್ನು ಕಸ ಬೀಳಬೇಕು'
ಎನ್ನುತ್ತಿದ್ದಳು ಸೂಲಗಿತ್ತಿ, ಒಳಗಿನಿಂದ.

ಒಂದು ರಾತ್ರಿ ಕಡೇ ಟ್ರಿಪ್ಪಿಗೆ ಹತ್ತಿದಳು ಅಜ್ಜಿಯೊಬ್ಬಳು,
ಬಾಯಿಗೆ ಬಾಳೆಲೆ ಕಟ್ಟಿದ ಕುಡಿಕೆ ಹಿಡಿದು.
'ಏನಜ್ಜಿ ಅದು?'
'ಕಸ ಕಣವ್ವ, ಸೊಸೇದು. ಹಿತ್ತಲಲ್ಲಿ ಹೂಳ್ಬೇಕು.'
'ಕೆಳಗಿಡು, ಬ್ರೇಕು ಹಾಕಿದರೆ ಚೆಲ್ಲೀತು.'
ಇಡಲಿಲ್ಲ. ದುದ್ದ ದಾಟಿತು, ಹಾರನಹಳ್ಳಿ ಬಂತು,
ಸೀಟು ಸಿಕ್ಕ ಮೇಲೂ ಮಡಿಲಲ್ಲೇ.
ಲಗೇಜು ಹರಿಯಬೇಕಿತ್ತೋ ಏನೋ, ನಾನು ಹರಿಯಲಿಲ್ಲ.

ಇದನ್ನೆಲ್ಲ ಸಭೆಯಲ್ಲಿ ಹೇಳಲಿಲ್ಲ. ಕೇಳಿದ್ದಿಷ್ಟೆ:
'ಹೆತ್ತವಳನ್ನು ಕೇಳಿದಿರಾ?'
'ಯಾವಾಗ ಕೇಳಲಿ, ಕೆಂಚಮ್ಮನವರೇ?
ನೋವು ತಿನ್ನುವವಳ ಮುಂದೆ ಫಾರಂ ಹಿಡಿಯಲೆ?'
ವಕೀಲ ಧರಣೇಂದ್ರಯ್ಯ ಕನ್ನಡಕ ಒರೆಸಿದರು:
'ಏಳನೇ ತಿಂಗಳು ತೋರಿಸಿಕೊಳ್ಳಲು ಬಂದಾಗ, ಅವಳ ಮಾತಿನಲ್ಲಿ.'
'ಒಲ್ಲೆ ಎಂದರೂ ಅದೇ ಹಾಸಿಗೆ, ಅದೇ ಆರೈಕೆ,
ಅದನ್ನು ದಪ್ಪಕ್ಷರದಲ್ಲಿ ಬರೆಯಿರಿ' ಅಂದೆ.

ಪುಸ್ತಕದ ಹಾಳೆ ತಿರುವಿದರು. ಗಾಜಿನ ತಟ್ಟೆಯ ಭ್ರೂಣ.
ನಮ್ಮಲ್ಲಿಲ್ಲ, ನಾಳೆ ಬಂದರೆ ಗೊತ್ತಿರಲೆಂದು ಓದಿದರು.
ಹದಿನಾಲ್ಕು ದಿನ, ಇಲ್ಲವೇ ಅದರ ಮೈಮೇಲೆ
ಮೊದಲ ಗೆರೆ ಮೂಡುವ ತನಕ, ಯಾವುದು ಮುಂಚೆಯೋ ಅದು.
ಅದರಾಚೆಗೆ ಯಾವ ಸಹಿಯೂ ನಡೆಯದು.
'ಹದಿನಾಲ್ಕನೇ ರಾತ್ರಿ ಹನ್ನೊಂದು ಐವತ್ತೊಂಬತ್ತಕ್ಕೆ?'
ನಕ್ಕರು. ಉತ್ತರ ಯಾರೂ ಹೇಳಲಿಲ್ಲ.

ಗೆರೆ ನಾ ಬಲ್ಲೆ.
ನನ್ನ ಬಸ್ಸಿನ ಬಾಗಿಲ ಬಳಿ ಕೆಂಪಗೆ ಒಂದಿತ್ತು, ಮಕ್ಕಳನ್ನಳೆಯಲು.
ಕೆಳಗಾದರೆ ಪುಕ್ಕಟೆ, ಮೇಲಾದರೆ ಅರ್ಧ ಟಿಕೆಟ್ಟು.
ತಾಯಂದಿರು ನೆತ್ತಿ ಸವರುವ ಹಾಗೆ ತಲೆ ಅದುಮುವರು,
ಹುಡುಗರು ಮೊಣಕಾಲು ಮಡಿಸಿ ಉಸಿರು ಹಿಡಿಯುವರು.
ಎಳೆದವನು ಡಿಪೋದ ಪೇಂಟರು; ಅವನ ಕೈ
ಒಂದು ಬೆರಳು ಜಾರಿದ್ದರೆ ಎಷ್ಟು ಮಕ್ಕಳು ಆಚೆ ಬೀಳುತ್ತಿದ್ದರೋ.
ಬಣ್ಣ ಅಳಿಸಿಹೋದ ವರ್ಷ ಮಾತ್ರ
ಎಲ್ಲ ಸ್ಟಾಪಿನಲ್ಲೂ ಜಗಳ.
ಅನುಮಾನ ಬಂದ ಮಗುವನ್ನಷ್ಟೇ ನಾನು ನಿಲ್ಲಿಸುತ್ತಿದ್ದದ್ದು.
ಸುಮೇಧಾ ತಾವೇ ಬಂದು ನಿಂತರು, ನೆಟ್ಟಗೆ.

ಬೇಕು, ಎಂದು ಸಹಿ ಹಾಕಿದೆ. ಟೀ ತಣ್ಣಗಾಗಿತ್ತು.

ಇಳಿದು ಬಂದರೆ ಹೆರಿಗೆ ವಾರ್ಡಿನ ಮುಂದೆ
ಸ್ಟೀಲಿನ ಡಬ್ಬಿ ಹಿಡಿದ ಹುಡುಗ, ಮುಚ್ಚಳ ಕಂಕುಳಲ್ಲಿ;
ಅಪ್ಪನಾಗಿ ಒಂದು ಗಂಟೆ ಆಗಿದ್ದೀತು.
'ಅಕ್ಕಾ, ಕಸ ನಮಗೇ ಕೊಡಿ ಅಂದ್ರೆ ಕೊಡ್ತಾರಾ?
ಯಾರನ್ನ ಕೇಳ್ಬೇಕು?'

ಹೇಳಲೆಂದು ಬಾಯಿ ತೆರೆದು
ಹಾಗೇ ನಿಂತೆ.