ಹಡ್ಮದಾಡ

ರಿಜಿಸ್ಟರಿನ ಹಾಳೆ ತಿರುವುವಾಗ ಪಾದ್ರಿಗಳು ಹೇಳಿದರು,
ಬೆರಳಿಗೆ ಉಗುಳು ಹಚ್ಚಬೇಡಮ್ಮ.
ನನ್ನ ಬೆರಳು ಹೇಗೂ ನೀಲಿ.
ಕೌಲ್ ಬಜಾರಿನಲ್ಲಿ ಇಪ್ಪತ್ತು ವರ್ಷ ಜೀನ್ಸ್ ಹೊಲಿದವಳು,
ತೊಳೆದರೂ ಹೋಗುವುದಿಲ್ಲ ಆ ಬಣ್ಣ.

ಸಿಕ್ಕ, ಸಂಜೆ ನಾಲ್ಕಕ್ಕೆ.
ಅಮೋಸ್ ಥರ್ಕೆಟಲ್, ಸೋಲ್ಜರ್.
ಸಫೊಕ್ ಸೀಮೆಯವ. ತಂದೆ, ಹೊಲದ ಕೂಲಿ.
ಸಹಿಯ ಜಾಗದಲ್ಲಿ ಒಂದು ಓರೆಗೆರೆ,
ಅದನ್ನು ಕತ್ತರಿಸಿ ಇನ್ನೊಂದು.
ಲೇಖಣಿ ಹಿಡಿದ ಕೈಯಲ್ಲ ಅದು;
ಈ ಮೂಲೆಯಿಂದ ಆ ಮೂಲೆಗೆ ಒಂದು ಸಾಲು,
ಅದರಡ್ಡ ಇನ್ನೊಂದು ಸಾಲು ಹೊಡೆದ ಹಾಗಿದೆ.
ಪಕ್ಕದಲ್ಲಿ ಮದುವಣಗಿತ್ತಿ: ಮೇರಿ, ಈ ಊರಿನ ಹೆಂಗಸು.
ಅಷ್ಟೇ. ಅವಳ ತಂದೆಯ ಹೆಸರಿಗೆ ಶಾಯಿ ಖರ್ಚಾಗಿಲ್ಲ.

ಥರ್ಕೆಟಲ್ ನಮ್ಮಲ್ಲಿಗೆ ಬರುವಷ್ಟರಲ್ಲಿ ಸವೆದಿತ್ತು.
ಅಜ್ಜನ ರೈಲ್ವೆ ಪಾಸಿನಲ್ಲಿ ತುರ್ಕಟ್ಟಲ್,
ಅಪ್ಪನ ರೇಶನ್ ಕಾರ್ಡಿನಲ್ಲಿ ತುರಕಟ್ಟಿ,
ಕರೆಂಟ್ ಬಿಲ್ ತರುವ ಹುಡುಗನಿಗೆ
ನಾನು ಬರೀ ಕಟ್ಟಿ ಮೇಡಂ.
ನಮ್ಮ ಮನೆಗೆ ಕಟ್ಟೆಯಿಲ್ಲ, ಒಂದು ಮೆಟ್ಟಿಲಿದೆ.

ಆ ವಾರವೇ ಓಣಿಗೆ ಹೆಳವರ ಗಾದಿಲಿಂಗಪ್ಪ ಬಂದ,
ಎತ್ತಿನ ಗಂಟೆ ಮುಂದೆ, ಅವನ ದನಿ ಹಿಂದೆ.
ಎದುರುಮನೆ ರುದ್ರಗೌಡರ ಹದಿಮೂರು ತಲೆಮಾರು ಒದರಿದ:
ಯಾರು ಬಾವಿ ತೋಡಿಸಿದ, ಯಾರು ಎರಡನೆಯವಳನ್ನು ತಂದ,
ಯಾರು ಸಿಡುಬಿನ ವರ್ಷ ಊರು ಬಿಟ್ಟ.
ಗೌಡರು ಹಿತ್ತಾಳೆ ಕೊಡ ಕೊಟ್ಟರು.
ನಾನೂ ಕರೆದೆ. ನಮ್ಮದೂ ಹೇಳಪ್ಪ.

"ಬೆಡಗು ಯಾವುದವ್ವ?"
ಗೊತ್ತಿಲ್ಲ.
"ಮೂಲಸ್ಥಳ?"
ಸಫೊಕ್.
"ಸಿರುಗುಪ್ಪದ ಆಚೀಗೇನು?"
ಸಮುದ್ರದ ಆಚೆ.
"ಬೆಳಿ ಏನು ಬೆಳೀತಿದ್ರು?"
ಗೋಧಿ, ಬಾರ್ಲಿ. ಇನ್ನೊಬ್ಬರ ಹೊಲದಲ್ಲಿ.
"ಹಂಗಾರ ನಮ್ಮಂಥವರ ಬಿಡು," ಚೀಲ ಇಳಿಸಿ ಕೂತ.
"ಆ ಊರಿಂದ ತಂದದ್ದು ಏನರ ಉಳದೈತೇನು,
ಒಂದು ಚೊಂಬು, ಒಂದು ಕುಡಗೋಲು?"

ಇಲ್ಲ. ಒಂದು ಮಾತಿದೆ.
ಮೊದಲ ಮಳೆಗೆ ಗೋಡೆಗುಂಟ ಬಸವನಹುಳು ಹರಿದರೆ
ಅಜ್ಜ ಅದನ್ನು ಹಡ್ಮದಾಡ ಅನ್ನುತ್ತಿದ್ದ.
ಶಾಲೆಯಲ್ಲಿ ಹಾಗಂದು ನಗೆಪಾಟಲಾಗಿದ್ದೆ.
ಕನ್ನಡವಲ್ಲ, ತೆಲುಗಲ್ಲ, ಉರ್ದುವೂ ಅಲ್ಲ,
ಇಂಗ್ಲಿಷ್ ಮಿಸ್ಸಿಗೂ ತಿಳಿಯಲಿಲ್ಲ.
ಆ ಸೀಮೆಯ ಹಳ್ಳಿಗರ ಮಾತಂತೆ;
ಲಂಡನ್ನಿನವರು ಕೇಳಿದ್ದರೂ ನಗುತ್ತಿದ್ದರೇನೋ.

ಗಾದಿಲಿಂಗಪ್ಪ ಬೆರಳ ಗಿಣ್ಣು ಎಣಿಸಿದ.
"ಆ ಮುತ್ಯಾ ಯಾವಾಗ ಸತ್ತ?"
ಕಾಲರಾದಲ್ಲಿ. ಗೋರಿ ಇದೆ, ಜಾಲಿಯೊಳಗೆ.
"ಆಗ ಕೂಸಿಗೆ?"
ಏಳು ತಿಂಗಳು.
"ಏಳು ತಿಂಗಳ ಕೂಸಿಗೆ ಅಪ್ಪ ಮಾತು ಕಲಿಸಿದ್ನೇನು?"

ಸುಮ್ಮನಾದೆ.
ಯಾರದೋ ಹೊಲಿಗೆ ಯಂತ್ರ ಓಡುತ್ತಲೇ ಇತ್ತು.
ಎಷ್ಟು ದಿನ ಅವನ ಬೆನ್ನು ಹತ್ತಿದ್ದೆ,
ಹಡಗಿನ ಪಟ್ಟಿ, ಪಲ್ಟನ್ನಿನ ಪಟ್ಟಿ, ಅಕ್ಷರ ಅಳಿದ ಕಲ್ಲು.
ಮಾತು ಬಂದದ್ದು ಬೇರೆ ದಾರಿಯಲ್ಲಿ.
ಯಾವುದೋ ಮಳೆಸಂಜೆ ಅವನು ಬೆರಳು ತೋರಿಸಿ ಅಂದಿರಬೇಕು,
ಇವಳು ನಕ್ಕಿರಬೇಕು, ಅಲ್ಲೋ, ಬಸವನಹುಳು,
ಎಂದು ತಿದ್ದಿರಬೇಕು.
ಅವನು ಸತ್ತ ಮೇಲೆ
ತನ್ನ ಮಾತು ಬಿಟ್ಟು ಅವನ ಮಾತಿನಲ್ಲೇ
ಕೂಸಿಗೆ ಹುಳು ತೋರಿಸಿದಳು.
ತನ್ನ ಹೆಸರು? ಅದನ್ನು ಯಾರಿಗೂ ಹೇಳಿಕೊಟ್ಟಂತಿಲ್ಲ.

ಅವನು ಉದ್ದನೆಯ ಪುಸ್ತಕ ಬಿಚ್ಚಿ
ಅಮೋಸಪ್ಪ ಎಂದು ಬರೆದ. ನಾನು ತಿದ್ದಲಿಲ್ಲ.
"ಹೇಣ್ತಿ?"
ಮೇರಿ ಅನ್ನಲು ಬಾಯಿ ಬರಲಿಲ್ಲ.
"ಇರಲಿ, ಒಂದು ಸಾಲು ಖಾಲಿ ಬಿಟ್ಟೀನಿ.
ಮೂರು ವರ್ಷಕ್ಕ ಮತ್ತ ಬರ್ತೀವಿ."

ಕುರಿ ಕೊಡುವುದು ಪದ್ಧತಿಯಂತೆ. ನನ್ನಲ್ಲಿದ್ದದ್ದು ಪ್ಯಾಂಟು,
ಮೂವತ್ತಾರರ ಸೊಂಟ, ಜಿಪ್ಪು ಇನ್ನೂ ಹಚ್ಚಿರಲಿಲ್ಲ.
ಮಡಿಚಿ ಎತ್ತಿನ ಬೆನ್ನ ಮೇಲೆ ಹಾಕಿಕೊಂಡು ಹೋದ.