ಕಾಗದದ ಡಾಂಬರು

ಕದ್ರಾ ದಾಟಿ, ಕಾಳಿಯ ಹಿನ್ನೀರು ಬಲಕ್ಕೆ ಬಿಟ್ಟು
ಕರೆಂಟಿನ ಕಂಬ ಎಣಿಸುತ್ತ ಹೋದರೆ
ನಲವತ್ತೊಂದನೆ ಕಂಬದ ಬುಡದಲ್ಲಿ
ಎಡಕ್ಕೆ ಒಂದು ಕೆಂಪು ಬಾಯಿ.
ಬೋರ್ಡಿಲ್ಲ. ಕಾರಿನವರ ಕಣ್ಣಿಗೆ ಬೀಳುವುದಿಲ್ಲ.
ಸೈಕಲ್ಲು ಮಾತ್ರ ತಾನಾಗಿ ತಿರುಗುತ್ತದೆ
ಸಂಜೆಯ ಎಮ್ಮೆ ಕೊಟ್ಟಿಗೆಗೆ ತಿರುಗಿದ ಹಾಗೆ.

ಕೊಳಂಬೆಯ ಈ ರಸ್ತೆ ನನಗೆ ಗೊತ್ತು.
ಗೊತ್ತು ಅಂದರೆ,
ಇದರ ಬೆನ್ನ ಮೇಲೆ ಎಂಟು ತಿಂಗಳು
ಗಂಟೆಗೆ ಎರಡು ಮೈಲಿಯಂತೆ
ಹಿಂದೆ ಮುಂದೆ, ಹಿಂದೆ ಮುಂದೆ ಹರಿದವನು ನಾನು,
ಪಿ.ಡಬ್ಲ್ಯು.ಡಿ. ರೋಲರಿನ ಡ್ರೈವರು, ಬಾಬಣ್ಣ ಆಗೇರ.
ತಳಕ್ಕೆ ಮುಷ್ಟಿ ಗಾತ್ರದ ಕಲ್ಲು,
ಮೇಲೆ ನಲವತ್ತರ ಜಲ್ಲಿ,
ಸಂದಿಗೆ ಕೆಂಪು ಮೊರಂ, ಅದು ಕೂರಲು ಹಳ್ಳದ ನೀರು.
ಡಾಂಬರು ಮುಂದಿನ ವಾರ ಬರುವುದಿತ್ತು.
ಆ ವಾರ ತೊಂಬತ್ತೆರಡನೆ ಇಸವಿಯಲ್ಲೆಲ್ಲೋ
ಕ್ಯಾಲೆಂಡರಿನಿಂದ ಹರಿದುಹೋಯಿತು.
ಬಿಲ್ಲು ಪಾಸಾಯಿತು. ರೋಲರಿಗೆ ಹೊನ್ನಾವರಕ್ಕೆ ವರ್ಗ,
ಐದು ದಿನದ ಹಾದಿ,
ಅದರ ಮೇಲೆ ಕೂತು ನನಗೂ.

ಈಗ ಪೆನ್ಶನ್ನು. ಈಗ ದಪ್ಪ ಟಯರಿನ ಈ ಸೈಕಲ್ಲು;
ಅರ್ಗಾದ ನೇವಿ ಕ್ವಾರ್ಟರ್ಸಿನಿಂದ ಯಾರೋ ಪಂಜಾಬಿ
ಊರು ಬಿಡುವಾಗ ಮಾರಿದ್ದು.
ಗಾಳಿ ಕೊಂಚ ಇಳಿಸಿದರೆ
ಜಲ್ಲಿಯ ಮಾತು ಅಂಗೈಗೇ ಬರುತ್ತದೆ.
ಮೂರನೆ ತಿರುವು: ಇಲ್ಲಿ ಅಂಚಿನ ಕಲ್ಲು ಕೂರಿಸಲಿಲ್ಲ,
ಅವತ್ತು ನನಗೆ ಜ್ವರ.
ಐದನೆ ಮೋರಿ: ಪೈಪಿನೊಳಗೆ ಏಡಿಯ ಸಂಸಾರ.
ಆಮೇಲಿನ ಉದ್ದ ಏರು: ಕೂತೇ ತುಳಿಯಬೇಕು,
ಎದ್ದಿರೋ, ಹಿಂದಿನ ಗಾಲಿ ಜಾರಿ
ಕಲ್ಲು ಉಗುಳುತ್ತದೆ.

ಇಷ್ಟು ವರ್ಷದಲ್ಲಿ ಒಂದು ಲಾರಿಯೂ ಇದನ್ನು ತುಳಿಯಲಿಲ್ಲ.
ನಡುವೆ ಕರಡ ಎದ್ದಿದೆ.
ಕುಣಬಿಗಳ ಪಾದ, ಕಾಡುಕೋಣದ ಗೊರಸು
ಕೂಡಿ ಎಳೆದ ಒಂದೇ ಗೆರೆ, ಟಯರಿನಷ್ಟೇ ಅಗಲ.
ಮೊದಲ ಸಲ, ಹಿಂದಿನಿಂದ ಏನೋ ಭರ್ರೆಂದು ಬಂತೆಂದು
ಬಸ್ಸಿಗೆ ದಾರಿ ಬಿಟ್ಟು ಬದಿಗೆ ನಿಂತೆ.
ಮಂಗಟ್ಟೆ. ಜೋಡಿ. ತಲೆಯ ಮೇಲೆ ಹಾದುಹೋದವು,
ಟಿಕೀಟು ಕೇಳದೆ.

ಹುಬ್ಬಳ್ಳಿಯ ಹುಡುಗರು ನಾಲ್ವರು ಸಿಕ್ಕಿದ್ದರು,
ಹೆಲ್ಮೆಟ್ಟು, ಬೆನ್ನಿಗೆ ನೀರಿನ ಚೀಲ.
"ಎಂಥಾ ರಸ್ತೆರೀ ಕಾಕಾ! ಒಂದು ಗಾಡಿಯಿಲ್ಲ!
ಇದಕ್ಕೆ ಡಾಂಬರು ಮಾತ್ರ ಹಾಕಬಾರದು ನೋಡ್ರಿ."
ಮಾಡಿದವನು ನಾನೇ ಅನ್ನಲಿಲ್ಲ.
ಹೊಗಳಿಕೆ ಯಾರ ಲೆಕ್ಕಕ್ಕೆ ಬರೆಯಬೇಕು?
ಕದ್ದವನಿಗೋ, ನನಗೋ?

ಅದೇ ಏರಿನ ತಲೆಯಲ್ಲಿ ಸುಮಿತ್ರಾ ವೇಳಿಪ.
ತಲೆಯ ಮೇಲೆ ಗೆಡ್ಡೆಯ ಬುಟ್ಟಿ,
ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಒಂದು ಅರ್ಜಿ.
ನಾನು ಹೊಟ್ಟೆಯಲ್ಲಿದ್ದಾಗ ಅವ್ವ ನಿಮ್ಮ ರೋಲರು ನೋಡಲು ಬಂದಿದ್ದಳಂತೆ, ಅಂದಳು.
ಕಳೆದ ಆಷಾಢ ಅವ್ವನನ್ನು ಕಂಬಳಿಯಲ್ಲಿ ಹೊತ್ತು ಇಳಿಸಿದರಂತೆ.
ಕದ್ರಾಕ್ಕೆ ಬರುವಷ್ಟರಲ್ಲಿ ಕಂಬಳಿ ಭಾರವಾಗಿತ್ತಂತೆ.
ಅಷ್ಟೇ ಅಂದಳು.
ನಂತರ, ಬುಟ್ಟಿ ಇಳಿಸಿ,
"ಕಾಗದದಲ್ಲಿ ಡಾಂಬರು ಆಗಿಯೇ ಹೋಗಿದೆಯಂತೆ ಮಾಮಾ.
ಆಗಿಲ್ಲ ಅನ್ನಲು ಕಂಡವರ ಸಹಿ ಬೇಕಂತೆ."

ಮೂವತ್ತೆಂಟು ಹೆಬ್ಬೆಟ್ಟು, ಹನ್ನೆರಡು ಸಹಿ.
ಸೈಕಲ್ಲಿನ ಸೀಟೇ ಮೇಜು.
ಮೇಲೆ ಎಲ್ಲೋ ಆ ಜೋಡಿ ಮತ್ತೆ ಭರ್ರೆಂದಿತು.
ತಲೆಯೆತ್ತಲಿಲ್ಲ.
ಬರೆದೆ: ಬಾಬಣ್ಣ ಸುಕ್ರು ಆಗೇರ, ರೋಲರ್ ಡ್ರೈವರು, ನಿವೃತ್ತ.
ಜಲ್ಲಿಯವರೆಗೆ ನಾನು ಸಾಕ್ಷಿ.
ಅವಳ ಬುಟ್ಟಿಯನ್ನು ಹ್ಯಾಂಡಲಿಗೆ ಕಟ್ಟಿ
ಬ್ರೇಕು ಒತ್ತುತ್ತ ಒತ್ತುತ್ತ ಸಂತೆಗೆ ಇಳಿಸಿದೆ.

ನಿನ್ನೆ ಮತ್ತೆ ಹೋದೆ, ಗಾಳಿ ಇನ್ನಷ್ಟು ಇಳಿಸಿ.
ಮೂರನೆ ತಿರುವಿನಲ್ಲಿ ನಿಂತು
ಚರಂಡಿಯಿಂದ ಒಂದು ಮುಷ್ಟಿ ಗಾತ್ರದ್ದು ಹುಡುಕಿ
ಅಂಚಿಗೆ ಕೂರಿಸಿದೆ,
ಹಿಮ್ಮಡಿಯಿಂದ ಹಿಂದೆ ಮುಂದೆ, ಹಿಂದೆ ಮುಂದೆ
ಅಲ್ಲಾಡದಷ್ಟು.