ಅರವತ್ತೆರಡು ಮಿಲಿಮೀಟರ್

ಕೂತ್ಕೋ ಫೋರ್ತುನಾತೊ, ಆ ಟೈರಿನ ಮೇಲೆ.
ಟ್ಯೂಬಾ ಕೆಳಗಿಡು; ನೆಲ ಒದ್ದೆ, ಎಣ್ಣೆಯಲ್ಲ, ಬರೀ ನೀರು.
ಏನಂದೆ? ಕುದುರೆಗಳು ಬೇಕೆ?

ನೋಡು, ಈ ಎಂಜಿನ್ನಿನ ಕಾಗದದಲ್ಲಿ ಹನ್ನೆರಡು ಎಂದಿದೆ.
ಬರೆದವನು ಕಡಲ ಪಕ್ಕ ಕೂತು ಬರೆದ.
ಎಲ್ ಆಲ್ತೊದಲ್ಲಿ, ನಾಲ್ಕು ಸಾವಿರ ಮೀಟರ್ ಮೇಲೆ,
ಏಳೇ ಬರುತ್ತವೆ.
ಮಿಕ್ಕ ಐದು, ನಮ್ಮ ದೇಶ ಕಳಕೊಂಡ ದಂಡೆಯಲ್ಲಿ
ಇನ್ನೂ ಮೇಯುತ್ತಿವೆ.

ಬೆನ್ನಿಗೆ ಹನ್ನೊಂದು ಕಿಲೊ ಹಿತ್ತಾಳೆ, ಹಿಂದೆ ಡ್ರಮ್ಮಿನ ಹುಡುಗ,
ಕೊರೊಯಿಕೊದ ಮದುವೆ ಮುಗಿಸಿ ಲಾ ಕುಂಬ್ರೆಯ ಘಾಟಿ ಹತ್ತುವಾಗ
ಎರಡನೇ ಗೇರಿನಲ್ಲಿ ಉಸಿರು ನಿಂತು, ಇಳಿದು ತಳ್ಳುತ್ತೀಯಲ್ಲ,
ಅಲ್ಲಿಗೆ ಬೇಕಾದ್ದು ಲಾಮಾ.
ಕುದುರೆ ಕೆನೆಯುತ್ತದೆ, ಲಾಮಾ ಹೊರುತ್ತದೆ.
ಹೊರೆ ಹೆಚ್ಚಾಯಿತೋ, ದಾರಿಯಲ್ಲೇ ಕೂತು
ನಿನ್ನ ಮುಖಕ್ಕೆ ಉಗಿಯುತ್ತದೆ, ಅದೂ ನಿಜ.
ಆ ಬಲಕ್ಕೆ ಪುಸ್ತಕದಲ್ಲಿ ಟಾರ್ಕ್ ಎಂದು ಹೆಸರು.
ನಮ್ಮಜ್ಜಿ ಒದ್ದೆ ಪೊಲ್ಲೆರ ಹಿಂಡುವಾಗ
ಮುಂಗೈಯಲ್ಲಿ ಬರುತ್ತಿತ್ತಲ್ಲ, ಅದು.

ಮೂರು ದಿನ ಬಿಟ್ಟು ಬಾ.

ಐವತ್ತೇಳರ ಸಿಲಿಂಡರನ್ನು ಅರವತ್ತೆರಡಕ್ಕೆ ಕೊರೆಸಿದೆ.
ಲೇತಿನ ದೋನ್ ಕ್ಲೆಮೆಂತೆ ಕೂದಲೆಳೆ ಜಾಸ್ತಿ ತಿಂದ.
ಬೈದೆ. ಅವನೂ ಬೈದ.
ಒಳಗೋಡೆಗೆ ಕಲ್ಲು ಆಡಿಸಿ ಓರೆಗೀರು ಎಳೆದೆ,
ಆಲೂಗಡ್ಡೆ ಹೊಲದ ಸಾಲಿನ ಹಾಗೆ, ಎಣ್ಣೆ ನಿಲ್ಲಲಿ ಎಂದು.
ರಿಂಗಿನ ತುದಿಗಳ ನಡುವೆ ಹಾಳೆಯಷ್ಟು ಸಂದು:
ಬಿಸಿಯಾದಾಗ ಹಿಗ್ಗಲು ಜಾಗ ಬಿಡದಿದ್ದರೆ
ಕಬ್ಬಿಣವೂ ಜಗಳಕ್ಕೆ ಬರುತ್ತದೆ.
ಹಿಂದಿನ ಸ್ಪ್ರಾಕೆಟ್ಟಿಗೆ ಮೂರು ಹಲ್ಲು ಹೆಚ್ಚು.
ನನ್ನ ಬಾಯಲ್ಲಿ ಮೂರು ಕಡಿಮೆ.
ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಮೂರು ಸುತ್ತಿನಲ್ಲಿ ಬಿಗಿದು
ಸಿಂಗಾನಿ ಎರಡು ಹನಿ ನೆಲತಾಯಿಗೆ, ಎರಡು ಹನಿ ಎಂಜಿನ್ನಿಗೆ,
ಉಳಿದದ್ದು ನನಗೆ.

ಬಂದ, ಒದ್ದ. ಎರಡನೇ ಒದೆತಕ್ಕೆ ಎದ್ದಿತು.
ಹಳೆಯ ಕೆಮ್ಮು ಹೋಗಿ, ಗಂಟಲ ಕೆಳಗಿನ, ಎದೆಯ ಮಾತು.
ಬೀದಿನಾಯಿಗಳು ಎದ್ದು ದೂರ ಹೋಗಿ ಮಲಗಿದವು.
ಕಾಗದದ ಪೊಟ್ಟಣವೊಂದನ್ನು ಅವನ ಅಂಗೈಗಿಟ್ಟೆ:
ಇದರಲ್ಲಿ ದೊಡ್ಡ ಜೆಟ್ ಇದೆ, ಕೆಳಗಿಳಿದ ಮೇಲೆ ಹಾಕು,
ಹತ್ತುವಾಗ ಉಂದುವಾವಿಯಲ್ಲಿ ನಿಂತು ಮತ್ತೆ ಚಿಕ್ಕದು.
ಬಡವರ ಗಾಳಿ ಕುಡಿದು ಬೆಳೆದದ್ದು ಇದು,
ಒತ್ತಡ ಬಿಗಿ ಮಾಡಿದ್ದೇನೆ.
ಸಾಹುಕಾರರ ಗಾಳಿ ಒಮ್ಮೆಲೇ ಕುಡಿದರೆ ತಲೆಗೇರುತ್ತದೆ.
ಹೂಂ ಎಂದ.
ಹೂಂ ಎನ್ನುವವರು ಕೇಳಿರುವುದಿಲ್ಲ.

ಶನಿವಾರ ರಾತ್ರಿ ಫೋನು.
ಎಉಲೋಹಿಯಾ, ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತಿದ್ದಾರೆ.
ಎಂಜಿನ್ನಿನ ಹತ್ತಿರ ಹಿಡಿ, ಎಕ್ಸಲರೇಟರ್ ತಿರುಗಿಸು ಎಂದೆ.
ಡಬ್ಬಿಯಲ್ಲಿ ಜೋಳ ಹುರಿದ ಸದ್ದು.
ಪೊಟ್ಟಣ?
ಜೇಬಲ್ಲೇ ಇದೆ.
ಕಾದೆ. ಸ್ಕ್ರೂಡ್ರೈವರು ಬಿತ್ತು, ಪೆಟ್ರೋಲು ತೋಳಿಗಿಳಿಯಿತು,
ಯಾವುದೋ ಸಂತನ ತಾಯಿಗೆ ಬೈಗುಳ.
ಜೆಟ್ ಕೂತಿತು. ಕಿಡಿಯನ್ನು ಎರಡು ಡಿಗ್ರಿ ತಡ ಮಾಡಿಸಿದೆ.
ಸುತ್ತಿಗೆ ನಿಂತಿತು.

ಅವನು ಫೋನಿಡಲಿಲ್ಲ.
ಇಲ್ಲಿ ಗಾಳಿ ಎಷ್ಟು ದಪ್ಪ ಗೊತ್ತಾ, ಕತ್ತರಿಸಿ ತಿನ್ನಬಹುದು,
ಕೇಳು ಎಂದು
ಟ್ಯೂಬಾದ ತಳದ ಸ್ವರ ಹಿಡಿದ.
ಮೇಲೆ, ನಮ್ಮ ಬೀದಿಯ ಮೆರವಣಿಗೆಗಳಲ್ಲಿ
ಅವನ ಉಸಿರು ಒಂಬತ್ತಕ್ಕೆ ಮುಗಿಯುತ್ತದೆ,
ಎಷ್ಟೋ ಸಲ ಎಣಿಸಿದ್ದೇನೆ, ಅವನಿಗೆ ಹೇಳಿಲ್ಲ.
ಹದಿಮೂರು. ಹದಿನಾಲ್ಕು.

ನಾನು ಆ ಇಳಿಜಾರು ಇಳಿದವಳಲ್ಲ.
ನಲವತ್ತೊಂಬತ್ತು ವರ್ಷ ಇದೇ ತೆಳ್ಳನೆ ಗಾಳಿ.
ಅಲ್ಲಿ ನನಗೆಷ್ಟು ಕುದುರೆ ಬಂದಾವು?
ಕಿಟಕಿಯಲ್ಲಿ ಅವನ ಹಳೆಯ ಪಿಸ್ಟನ್,
ತಲೆಕೆಳಗಾಗಿಸಿದರೆ ಕೋಕಾ ಎಲೆಗೆ ಹೇಳಿಮಾಡಿಸಿದ ಬಟ್ಟಲು.
ಒಂದೆಲೆ ದವಡೆಗಿಟ್ಟು ಎಣಿಸುತ್ತಲೇ ಇದ್ದೆ.
ಇಪ್ಪತ್ತು. ಇಪ್ಪತ್ತೊಂದರಲ್ಲಿ
ಅವನ ಫೋನಿನ ಕರೆನ್ಸಿ ಮುಗಿಯಿತು.